ಒಬ್ಬ ಸ್ಟ್ರೈಕರ್, ಎರಡು ಥರದ ಸಿಟ್ಟು

ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ. ಇದು ಫುಟ್‌ಬಾಲ್ ಕತೆ. ಆಟ ಗೊತ್ತಿಲ್ಲದವರು ಹೆದರಬೇಡಿ, ಗೋಲು ಹೊಡೆಯೋ ಕೆಲಸ ಇರೋನನ್ನ ಸ್ಟ್ರೈಕರ್ ಅಂತಾರೆ ಅನ್ನೋದು ಗೊತ್ತಿದ್ರೆ ಸಾಕು.

ದೊಡ್ಡ ಆಟಗಾರ ಕ್ಲಬ್ ಬಿಟ್ಟು ಹೋದಾಗ ಅಭಿಮಾನಿಗಳು ಅವನ ಜೆರ್ಸಿ ಸುಡೋ ವಿಡಿಯೊಗಳನ್ನ ನೀವೂ ನೋಡಿರ್ತೀರಿ. ಬಿಟ್ಟು ಹೋದವನ ಮೇಲೆ ಸಿಟ್ಟು, ಅದು ಅರ್ಥ ಆಗುತ್ತೆ. ಆದ್ರೆ 1989ರ ಜುಲೈನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಇದು ತಲೆಕೆಳಗಾಗಿ ನಡೀತು. ಅಲ್ಲಿ ಬೆಂಕಿ ಹಚ್ಚಿದ್ದು ಸ್ಟ್ರೈಕರನನ್ನ ಕಳಕೊಂಡ ಕ್ಲಬ್ಬಿನ ಬಾಗಿಲಲ್ಲಿ ಅಲ್ಲ, ಅವನನ್ನ ಗಳಿಸಿಕೊಂಡ ಕ್ಲಬ್ಬಿನ ಬಾಗಿಲಲ್ಲಿ. ತಮಗೆ ಒಳ್ಳೆ ಆಟಗಾರ ಸಿಕ್ಕಿದ್ದಕ್ಕೆ ಜನ ತಮ್ಮದೇ ಕ್ಲಬ್ಬಿನ ಶಾಲು, ವರ್ಷದ ಟಿಕೆಟ್ಟು ಸುಟ್ಟರು. ಅವನ ಹೆಸರು ಮಾರಿಸ್ ಜಾನ್‌ಸ್ಟನ್, ಎಲ್ಲರ ಬಾಯಲ್ಲಿ ಮೋ.

ಮೊದಲು ಆ ಊರಿನ ಎರಡು ಕ್ಲಬ್ಬುಗಳ ಹಿನ್ನೆಲೆ ಹೇಳ್ತೀನಿ. ರೇಂಜರ್ಸ್ ಶುರುವಾಗಿದ್ದು 1872ರಲ್ಲಿ. ಸೆಲ್ಟಿಕ್ 1887ರಲ್ಲಿ, ಬ್ರದರ್ ವಾಲ್‌ಫ್ರಿಡ್ ಅನ್ನೋ ಐರ್ಲೆಂಡಿನ ಧರ್ಮಸಹೋದರನ ಮುಂದಾಳತ್ವದಲ್ಲಿ. ಉದ್ದೇಶ ಕಪ್ ಗೆಲ್ಲೋದಲ್ಲ. ಗ್ಲಾಸ್ಗೋದ ಪೂರ್ವಭಾಗದ ಬಡ ಮಕ್ಕಳ ಮಧ್ಯಾಹ್ನದ ಊಟಕ್ಕೆ ದುಡ್ಡು ಹೊಂದಿಸೋದು. ಆ ಮಕ್ಕಳು ಯಾರು? 1845ರಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಮಹಾ ಕ್ಷಾಮ ಬಂತಲ್ಲ, ಆಗ ಮತ್ತು ಆಮೇಲೆ ಸಮುದ್ರ ದಾಟಿ ಬಂದ ಕ್ಯಾಥೊಲಿಕ್ ಕೂಲಿಗಳ ಮಕ್ಕಳು, ಮೊಮ್ಮಕ್ಕಳು. ಆಗ ಸ್ಕಾಟ್ಲೆಂಡಿನ ಬಹುಸಂಖ್ಯಾತರು ಪ್ರೊಟೆಸ್ಟೆಂಟರಾಗಿದ್ದರು. ಬಂದವರಿಗೆ ಸಿಕ್ಕಿದ್ದು ಕಡಿಮೆ ಕೂಲಿ, ಇಕ್ಕಟ್ಟಿನ ಮನೆ, ಮೇಲೆ ಬೈಗುಳ. ತಮಾಷೆ ನೋಡಿ, ಸೆಲ್ಟಿಕ್ 1888ರ ಮೇ ತಿಂಗಳಲ್ಲಿ ಆಡಿದ ಮೊಟ್ಟಮೊದಲ ಪಂದ್ಯ ರೇಂಜರ್ಸ್ ಕಡೆಯವರ ಜೊತೆಗೇ. ಆಗ ಇನ್ನೂ ಜಗಳ ಇರಲಿಲ್ಲ.

ಜಗಳ ಗಟ್ಟಿಯಾಗಿದ್ದು 20ನೇ ಶತಮಾನದಲ್ಲಿ. ಹಡಗು ಕಟ್ಟೋ ಯಾರ್ಡುಗಳಲ್ಲಿ ಕುಶಲ ಕೆಲಸಗಳು ಬಹುಪಾಲು ಪ್ರೊಟೆಸ್ಟೆಂಟರ ಕೈಯಲ್ಲಿ. ಬೆಲ್‌ಫಾಸ್ಟಿನ ಹಾರ್ಲೆಂಡ್ ಅಂಡ್ ವುಲ್ಫ್ ಕಂಪನಿ ಗ್ಲಾಸ್ಗೋದ ಗೋವನ್‌ನಲ್ಲಿ ಯಾರ್ಡು ತೆರೆದಾಗ ಅಲ್ಲಿಂದ ಪ್ರೊಟೆಸ್ಟೆಂಟ್ ಕೆಲಸಗಾರರೂ ತಮ್ಮ ಊರಿನ ದ್ವೇಷವನ್ನ ಪೆಟ್ಟಿಗೇಲಿ ಇಟ್ಟುಕೊಂಡು ಬಂದರು. ಗೋವನ್ ಅಂದ್ರೆ ರೇಂಜರ್ಸ್ ಮೈದಾನ ಐಬ್ರಾಕ್ಸ್ ಇರೋ ಕಡೆ. ಇನ್ನು 1923ರಲ್ಲಿ ಚರ್ಚ್ ಆಫ್ ಸ್ಕಾಟ್ಲೆಂಡ್ ಒಂದು ವರದಿ ತಂತು. ಐರಿಷ್ ಜನಾಂಗದಿಂದ ಸ್ಕಾಟಿಷ್ ರಾಷ್ಟ್ರೀಯತೆಗೆ ಅಪಾಯ ಅನ್ನೋ ಅರ್ಥ ಬರೋ ತಲೆಬರಹ! ದೇವರ ಮನೆಯವರು ಬರೆದಿದ್ದು. ಅದಕ್ಕೆ ಆ ಚರ್ಚು ವಿಷಾದ ಹೇಳಿದ್ದು 2002ರಲ್ಲಿ. ಹತ್ತಿರ ಹತ್ತಿರ 80 ವರ್ಷ ಬೇಕಾಯ್ತು.

ಕೆಲಸ ಕೇಳೋಕೆ ಹೋದ ಹುಡುಗನಿಗೆ ಗ್ಲಾಸ್ಗೋದಲ್ಲಿ ಒಂದು ಪ್ರಶ್ನೆ ಕಾದಿರ್ತಿತ್ತು. "ಯಾವ ಸ್ಕೂಲಲ್ಲಿ ಓದಿದ್ದು?" ಕೇಳೋಕೆ ಎಷ್ಟು ಸಭ್ಯ ಅಲ್ವಾ? 1918ರ ಶಿಕ್ಷಣ ಕಾಯ್ದೆ ಕ್ಯಾಥೊಲಿಕ್ ಶಾಲೆಗಳನ್ನ ಸರ್ಕಾರದ ವ್ಯವಸ್ಥೆಯೊಳಗೆ ತಂದಿತ್ತು, ಅವು ಬೇರೆಯಾಗೇ ಉಳಿದಿದ್ದವು. ಸೇಂಟ್ ಅಂತ ಶುರುವಾಗೋ ಶಾಲೆ ಹೆಸರು ಹೇಳಿದ್ರೆ ಮುಗೀತು, ಎದುರಿನವನಿಗೆ ಬೇಕಾದ ಉತ್ತರ ಸಿಕ್ತು. ಬಾಡಿಗೆ ಮನೆ ಹುಡುಕಿ ಅಲೆದ ನಮಗೆ ಇದನ್ನ ಯಾರೂ ವಿವರಿಸಬೇಕಿಲ್ಲ. ನನ್ನನ್ನ ಒಬ್ಬ ಯಜಮಾನ ಊರು ಕೇಳಿ, ಹೋಬಳಿ ಕೇಳಿ, ಆಮೇಲೆ "ಊರೊಳಗೆ ಯಾವ ಬೀದಿ" ಅಂತ ಕೇಳಿದ್ದ. ಜಾತಿ ಅನ್ನೋ ಪದ ಅವನ ಬಾಯಲ್ಲಿ ಬರಲೇ ಇಲ್ಲ.

ರೇಂಜರ್ಸ್ ಕ್ಲಬ್ಬಿಗೂ ಬರವಣಿಗೆಯಲ್ಲಿಲ್ಲದ ನಿಯಮ ಒಂದಿತ್ತು. ಕ್ಯಾಥೊಲಿಕ್ ಆಟಗಾರರನ್ನ ತಗೊಳ್ಳೋದಿಲ್ಲ. ಎಲ್ಲೂ ಕಾಗದ ಇಲ್ಲ, ಸಹಿ ಇಲ್ಲ, ಸೀಲ್ ಇಲ್ಲ. ನಾನು ಗುಮಾಸ್ತ, ಕಾಗದ ಇಲ್ಲದ ಆರ್ಡರ್ ಎಷ್ಟು ಗಟ್ಟಿ ಅಂತ ನನಗೆ ಗೊತ್ತು. ಕಾಗದ ಇದ್ರೆ ಕೋರ್ಟಿಗೆ ಹೋಗಬಹುದು, ಆರ್‌ಟಿಐ ಹಾಕಬಹುದು. ಇಲ್ಲದ್ದನ್ನ ಏನು ಮಾಡ್ತೀರಿ?

ಈ ನಿಯಮ ಎಲ್ಲಿವರೆಗೆ ಕೈ ಚಾಚ್ತಿತ್ತು ಅನ್ನೋಕೆ ಒಂದೇ ಉದಾಹರಣೆ. ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್ ಮ್ಯಾನೇಜರ್ ಆಗಿ ಜಗತ್ತಿಗೇ ಹೆಸರಾದ ಅಲೆಕ್ಸ್ ಫರ್ಗುಸನ್ 1967ರಲ್ಲಿ ರೇಂಜರ್ಸ್‌ಗೆ ಸ್ಟ್ರೈಕರ್ ಆಗಿ ಸೇರಿದ. 65 ಸಾವಿರ ಪೌಂಡ್, ಸ್ಕಾಟಿಷ್ ಕ್ಲಬ್ಬುಗಳ ನಡುವೆ ಆಗಿನ ದಾಖಲೆ ಮೊತ್ತ. ಅವನು ಪ್ರೊಟೆಸ್ಟೆಂಟ್, ಹೆಂಡತಿ ಕ್ಯಾಥಿ ಕ್ಯಾಥೊಲಿಕ್. ಸೇರೋ ಹೊತ್ತಲ್ಲಿ ಕ್ಲಬ್ಬಿನ ನಿರ್ದೇಶಕನೊಬ್ಬ ಕೇಳಿದ್ದು ಏನು ಗೊತ್ತಾ? ಮದುವೆ ಕ್ಯಾಥೊಲಿಕ್ ಚರ್ಚಲ್ಲಿ ಆಯ್ತಾ? ಇಲ್ಲ, ರಿಜಿಸ್ಟರ್ ಆಫೀಸಲ್ಲಿ ಅಂದ ಮೇಲೆ ಪರವಾಗಿಲ್ಲ ಅಂದನಂತೆ. ಇದನ್ನ ಫರ್ಗುಸನ್ ತನ್ನ ಆತ್ಮಕತೆಯಲ್ಲೇ ಹೇಳಿಕೊಂಡಿದ್ದಾನೆ. ಗೋಲು ಹೊಡೆಯೋಕೆ ಬಂದವನ ಹೆಂಡತಿ ಯಾವ ಮನೆಯವಳು ಅಂತ ವಿಚಾರಣೆ!

1976ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಆಸ್ಟನ್ ವಿಲಾ ಜೊತೆಗಿನ ಸೌಹಾರ್ದ ಪಂದ್ಯದಲ್ಲಿ ರೇಂಜರ್ಸ್ ಅಭಿಮಾನಿಗಳು ದೊಂಬಿ ಎಬ್ಬಿಸಿ ಪಂದ್ಯವೇ ನಿಂತುಹೋಯ್ತು. ಮರ್ಯಾದೆ ಹೋದ ಮೇಲೆ ಕ್ಲಬ್ಬಿನವರು ಇನ್ನು ಮುಂದೆ ಕ್ಯಾಥೊಲಿಕರನ್ನೂ ತಗೋತೀವಿ ಅಂತ ಘೋಷಣೆ ಮಾಡಿದರು. ಆಮೇಲೆ 13 ವರ್ಷ. ಘೋಷಣೆ ಘೋಷಣೆಯಾಗೇ ಇತ್ತು.

ಸೆಲ್ಟಿಕ್ ಕಡೆ ಹೀಗಿರಲಿಲ್ಲ, ಇದನ್ನ ಹೇಳಲೇಬೇಕು. ಅವರ ಅತಿ ದೊಡ್ಡ ಮ್ಯಾನೇಜರ್ ಜಾಕ್ ಸ್ಟೀನ್ ಪ್ರೊಟೆಸ್ಟೆಂಟ್. 1967ರಲ್ಲಿ ಯುರೋಪಿಯನ್ ಕಪ್ ಗೆದ್ದ ಮೊದಲ ಬ್ರಿಟಿಷ್ ತಂಡ ಸೆಲ್ಟಿಕ್, ಆಡಿದ ಹನ್ನೊಂದೂ ಜನ ಗ್ಲಾಸ್ಗೋ ಸುತ್ತಮುತ್ತಲ 30 ಮೈಲಿಯೊಳಗೆ ಹುಟ್ಟಿದವರು, ಎರಡೂ ಪಂಥದವರು. ಕೆನ್ನಿ ಡಾಲ್‌ಗ್ಲಿಶ್ ರೇಂಜರ್ಸ್ ಅಭಿಮಾನಿಯಾಗಿ ಬೆಳೆದ ಪ್ರೊಟೆಸ್ಟೆಂಟ್ ಹುಡುಗ, ಅವನನ್ನೂ ಸೆಲ್ಟಿಕ್ ತನ್ನವನನ್ನಾಗಿ ಮಾಡಿಕೊಂಡಿತು. 1977ರಲ್ಲಿ ಅವನು 4 ಲಕ್ಷದ 40 ಸಾವಿರ ಪೌಂಡಿಗೆ ಲಿವರ್‌ಪೂಲ್‌ಗೆ ಹೋದ. ಮರುವರ್ಷ ಸ್ಟೀನ್ ಗೌರವದ ಪಂದ್ಯಕ್ಕೆ ವಾಪಸ್ ಬಂದಾಗ ಅದೇ ಸೆಲ್ಟಿಕ್ ಜನ ಅವನನ್ನ ಕೂಗಿ ಹೀಯಾಳಿಸಿದರು. ಬಿಟ್ಟು ಹೋದ ನೋವು ಅದು. ಪ್ರೀತಿಸಿದವರ ಸಿಟ್ಟು.

ಈಗ ಮೋ ಜಾನ್‌ಸ್ಟನ್ ವಿಷಯಕ್ಕೆ ಬರ್ತೀನಿ. 1963ರಲ್ಲಿ ಗ್ಲಾಸ್ಗೋದಲ್ಲೇ ಹುಟ್ಟಿದವನು, ಕ್ಯಾಥೊಲಿಕ್. ಪಾರ್ಟಿಕ್ ಥಿಸಲ್, ವಾಟ್‌ಫರ್ಡ್ ಆಡಿ 1984ರಲ್ಲಿ ಸೆಲ್ಟಿಕ್‌ಗೆ ಬಂದ. 1986ರಲ್ಲಿ ಲೀಗ್ ಗೆದ್ದ ತಂಡದಲ್ಲಿದ್ದ. ಅದೇ ವರ್ಷ ಅಕ್ಟೋಬರಿನಲ್ಲಿ ರೇಂಜರ್ಸ್ ವಿರುದ್ಧದ ಕಪ್ ಫೈನಲ್‌ನಲ್ಲಿ ಕೆಂಪು ಕಾರ್ಡು ತೋರಿಸಿ ಹೊರಗೆ ಕಳಿಸಿದಾಗ ಹೋಗ್ತಾ ಹೋಗ್ತಾ ಎದೆ ಮೇಲೆ ಶಿಲುಬೆ ಗುರುತು ಹಾಕಿಕೊಂಡ. ಬೇರೆ ಕಡೆ ಇದು ಸಾಮಾನ್ಯ. ಗ್ಲಾಸ್ಗೋದಲ್ಲಿ, ಆ ಪಂದ್ಯದಲ್ಲಿ, ಅದು ಸವಾಲು. ಸೆಲ್ಟಿಕ್ ಜನರಿಗೆ ಅವನು ಇನ್ನೂ ಹತ್ತಿರ ಆದ, ರೇಂಜರ್ಸ್ ಜನರಿಗೆ ವೈರಿ ನಂಬರ್ ಒಂದು. 1987ರಲ್ಲಿ ಫ್ರಾನ್ಸಿನ ನಾಂತ್ ಕ್ಲಬ್ಬಿಗೆ ಹೋದ.

1989ರ ಮೇ 12. ಜಾನ್‌ಸ್ಟನ್ ವಾಪಸ್ ಬರ್ತಾನೆ ಅಂತ ಸೆಲ್ಟಿಕ್ ಪತ್ರಿಕಾಗೋಷ್ಠಿ ಕರೆದು, ಹಸಿರು ಬಿಳಿ ಪಟ್ಟೆಯ ಅಂಗಿ ಹಾಕಿಸಿ ಫೋಟೊ ತೆಗೆಸಿತು. ತಾನು ಆಡಬೇಕೆಂದಿದ್ದು ಈ ಕ್ಲಬ್ಬಿಗೆ ಮಾತ್ರ ಅನ್ನೋ ಧಾಟಿಯಲ್ಲಿ ಅವನೂ ಮಾತಾಡಿದ. ಎಂಟು ದಿನಕ್ಕೆ ಸ್ಕಾಟಿಷ್ ಕಪ್ ಫೈನಲ್, ಎದುರಾಳಿ ರೇಂಜರ್ಸ್, ಸೆಲ್ಟಿಕ್ 1-0 ಗೆದ್ದಿತು. ಆ ಊರಿನ ಅರ್ಧ ಜನರಿಗೆ ಅದು ಹಬ್ಬದ ತಿಂಗಳು. ಆಮೇಲೆ ಒಪ್ಪಂದದಲ್ಲಿ ತಕರಾರು ಬಂತು, ಮಾತು ಮುರೀತು, ಸೆಲ್ಟಿಕ್ ಹಿಂದೆ ಸರಿಯಿತು. ಜುಲೈ 10ಕ್ಕೆ ಐಬ್ರಾಕ್ಸ್‌ನಲ್ಲಿ ರೇಂಜರ್ಸ್ ಮ್ಯಾನೇಜರ್ ಗ್ರೇಮ್ ಸೂನೆಸ್ ಪಕ್ಕ ಕೂತಿದ್ದ ಅದೇ ಜಾನ್‌ಸ್ಟನ್! ಸುಮಾರು 15 ಲಕ್ಷ ಪೌಂಡ್. ಇನ್ನೆರಡು ದಿನಕ್ಕೆ ಜುಲೈ 12, 1690ರ ಬಾಯ್ನ್ ಯುದ್ಧದಲ್ಲಿ ಪ್ರೊಟೆಸ್ಟೆಂಟ್ ರಾಜ ಗೆದ್ದಿದ್ದನ್ನ ಆರೆಂಜ್ ಸಂಘದವರು ಮೆರವಣಿಗೆ ಮಾಡಿ ಸಂಭ್ರಮಿಸೋ ದಿನ.

ಸೆಲ್ಟಿಕ್ ಜನ ಜೂದಾಸ್ ಅಂದರು. ಏಸುವನ್ನ ಮೂವತ್ತು ಬೆಳ್ಳಿ ಕಾಸಿಗೆ ಮಾರಿದವನ ಹೆಸರು. ಅವನು ಡಾಲ್‌ಗ್ಲಿಶ್ ಥರ ಇಂಗ್ಲೆಂಡಿಗೆ ಹೋಗಿದ್ರೆ ಬೈದು ಸುಮ್ಮನಾಗ್ತಿದ್ರು. ಹೋಗಿದ್ದು ತಮ್ಮ ಮಕ್ಕಳನ್ನ ಹುಟ್ಟಿನ ಕಾರಣಕ್ಕೆ ಬಾಗಿಲಲ್ಲೇ ನಿಲ್ಲಿಸಿದ್ದ ಮನೆಗೆ, ಅದೂ ತಮ್ಮ ಅಂಗಿ ತೊಟ್ಟು ಆಸೆ ಹುಟ್ಟಿಸಿ ಎರಡೇ ತಿಂಗಳಿಗೆ. ನಮ್ಮ ಚಳವಳಿಗಳಲ್ಲೂ ವೇದಿಕೆ ಮೇಲೆ ನೀಲಿ ಶಾಲು ಹೊದ್ದವರು ಬೆಳಗಾಗೋದ್ರೊಳಗೆ ಇನ್ನೊಂದು ಕಡೆ ಕಂಡಿದ್ದನ್ನ ನೋಡಿದ್ದೀವಿ, ಆ ರಾತ್ರಿ ಹೇಗಿರುತ್ತೆ ಅಂತ ಗೊತ್ತು. ಹಾಗಾಗಿ ಆ ಸಿಟ್ಟನ್ನ ಹುಚ್ಚು ಅಭಿಮಾನ ಅಂತ ನಾನು ತಳ್ಳಿಹಾಕಲಾರೆ.

ಆದ್ರೆ ಐಬ್ರಾಕ್ಸ್ ಹೊರಗಿನ ಬೆಂಕಿ ಬೇರೆ ಜಾತಿದು. ಅಲ್ಲಿ ಯಾರೂ ಏನೂ ಕಳಕೊಂಡಿರಲಿಲ್ಲ. ಇನ್ನು ಈ ಕ್ಲಬ್ಬಿಗೆ ಕಾಲಿಡಲ್ಲ ಅಂದವರ ನಷ್ಟ ಏನು? ಮೈಲಿಗೆ. ಬೇರೆ ಪದ ನನಗೆ ಸಿಗ್ತಿಲ್ಲ. ಅಂಗಿಗಳನ್ನ ನೋಡಿಕೊಳ್ಳುವ ಕ್ಲಬ್ ನೌಕರನೊಬ್ಬ ಜಾನ್‌ಸ್ಟನ್ ಕಿಟ್ ಮಾತ್ರ ಎತ್ತಿಡ್ತಿರಲಿಲ್ಲ, ಅವನದ್ದನ್ನ ಅವನೇ ಎತ್ತಿಟ್ಟುಕೊಳ್ಳಬೇಕಿತ್ತು ಅಂತ ಆಮೇಲೆ ಆ ತಂಡದವರೇ ಹೇಳಿಕೊಂಡಿದ್ದಾರೆ. ಓದಿದಾಗ ನನಗೆ ಹೋಟೆಲಿನ ಹೊರಗೆ ಬೇರೆ ಇಡ್ತಿದ್ದ ಲೋಟ ನೆನಪಾಯ್ತು. ತೊಳೆದು ಅಲ್ಲೇ ಮಗುಚಿಡಬೇಕಿತ್ತಲ್ಲ, ಅದು. ಕೆಲವು ಅಭಿಮಾನಿಗಳಂತೂ ಅವನ ಗೋಲನ್ನ ಲೆಕ್ಕಕ್ಕೇ ತಗೊಳ್ತಿರಲಿಲ್ಲ. ತಂಡ 1-0 ಗೆದ್ದು ಆ ಒಂದು ಗೋಲು ಅವನದ್ದಾದ್ರೆ ಅವರ ಲೆಕ್ಕದಲ್ಲಿ 0-0.

ಇಷ್ಟಕ್ಕೇ ನಿಲ್ಲಿಸಿದ್ರೆ ಕತೆ ನಮಗೆ ಬಹಳ ಹಿತವಾಗಿರುತ್ತೆ, ಒಂದು ಕಡೆ ನೊಂದವರು ಇನ್ನೊಂದು ಕಡೆ ದುಷ್ಟರು. ಒಂದೂವರೆ ವರ್ಷ ಹಿಂದೆ ಹೋಗೋಣ. 1988ರ ಜನವರಿ 2. ರೇಂಜರ್ಸ್ ಹೊಸದಾಗಿ ತಂದ ಕಪ್ಪು ಆಟಗಾರ ಮಾರ್ಕ್ ವಾಲ್ಟರ್ಸ್ ಮೊದಲ ಪಂದ್ಯ, ಸೆಲ್ಟಿಕ್ ಮೈದಾನದಲ್ಲಿ. ಅವನ ಮೇಲೆ ಬಾಳೆಹಣ್ಣು ಎಸೆದರು, ಕೋತಿ ಥರ ಕೂಗಿದರು. ಎಸೆದವರು ಯಾರು? ಕ್ಷಾಮದಲ್ಲಿ ಓಡಿಬಂದವರ ಮೊಮ್ಮಕ್ಕಳು, ಮರಿಮಕ್ಕಳು. ಐರಿಷರನ್ನ ಮಂಗನ ಮುಖ ಬರೆದು ಹಂಗಿಸಿದ ವ್ಯಂಗ್ಯಚಿತ್ರಗಳು ಬ್ರಿಟಿಷ್ ಪತ್ರಿಕೆಗಳಲ್ಲಿ ಬಂದು ನೂರು ವರ್ಷ ಆಗಿತ್ತಷ್ಟೆ. ನೊಂದವರ ಕೈ ತಾನಾಗೇ ಶುದ್ಧ ಇರಲ್ಲ. ನಮ್ಮೊಳಗಿನ ಎಡಗೈ ಬಲಗೈ ಮಾತು ಬಂದಾಗ ದನಿ ಏರಿಸೋ ಗೆಳೆಯರು ಈ ಪ್ಯಾರಾ ಇನ್ನೊಮ್ಮೆ ಓದಲಿ.

ಇನ್ನೊಂದು ವಿಷಯ. ಗೋಡೆ ಒಡೆದವರು ಸಮಾಜ ಸುಧಾರಕರಲ್ಲ. ಸೂನೆಸ್‌ಗೆ ಬೇಕಿದ್ದಿದ್ದು ಗೋಲು, ಜೊತೆಗೆ ಸೆಲ್ಟಿಕ್ ಕೈಯಿಂದ ಕಿತ್ತುಕೊಂಡ ಖುಷಿ. 1988ರಲ್ಲಿ ಕ್ಲಬ್ ಕೊಂಡ ಡೇವಿಡ್ ಮರ್ರೆ ವ್ಯಾಪಾರಿ. ಯುರೋಪಿನ ದೊಡ್ಡ ಮಾರುಕಟ್ಟೆಗೆ ಹೊರಟವನಿಗೆ ಅರ್ಧ ಭೂಖಂಡದ ಆಟಗಾರರು ಬೇಡ ಅನ್ನೋ ನಿಯಮ ಕಟ್ಟಿಕೊಂಡು ಏನು ಲಾಭ? ಜಾನ್‌ಸ್ಟನ್‌ಗೆ ಬೇಕಿದ್ದಿದ್ದು ಹಣ ಮತ್ತು ಕಪ್. ಮೂವರಲ್ಲಿ ಯಾರ ಮನಸ್ಸಿನಲ್ಲೂ ನ್ಯಾಯದ ಯೋಚನೆ ಮುಖ್ಯವಾಗಿರಲಿಲ್ಲ ಅಂತ ನನ್ನ ಅಂದಾಜು. ಬಾಗಿಲು ಮಾತ್ರ ತೆರೀತು. ಬೆಲೆ ಕೊಟ್ಟವನು ಜಾನ್‌ಸ್ಟನ್, ಕಾವಲಿಟ್ಟುಕೊಂಡು ಎಡಿನ್‌ಬರೋದಲ್ಲಿ ವಾಸ ಮಾಡಬೇಕಾಯ್ತು. ಅವನನ್ನ ವೀರ ಅಂತ ಹೊಗಳೋಕೆ ನನಗೆ ಮನಸ್ಸಿಲ್ಲ, ಬರೀ ದ್ರೋಹಿ ಅಂತ ಬರೆದು ಮುಗಿಸೋಕೂ ಆಗಲ್ಲ.

1989ರ ನವೆಂಬರ್ 4, ಐಬ್ರಾಕ್ಸ್. ರೇಂಜರ್ಸ್, ಸೆಲ್ಟಿಕ್. ಪಂದ್ಯ ಮುಗಿಯೋಕೆ ಒಂದೆರಡು ನಿಮಿಷ, ಎರಡೂ ಕಡೆ ಗೋಲಿಲ್ಲ. ಚೆಂಡು ಜಾನ್‌ಸ್ಟನ್ ಕಾಲಿಗೆ ಬಂತು, ಹೊಡೆದ, ಒಳಗೆ. ರೇಂಜರ್ಸ್ ಜನರ ಕಡೆಗೇ ಹುಚ್ಚನಂತೆ ಓಡಿದ. ಜುಲೈನಲ್ಲಿ ಅವನನ್ನ ಬೇಡ ಅಂದವರಲ್ಲೂ ಬಹಳ ಜನ ಆವತ್ತು ಎದ್ದು ಕುಣಿದಿರಬೇಕು. 0-0 ಅಂತ ಬರೆದುಕೊಂಡು ಮನೆಗೆ ಹೋದವರೂ ಇದ್ದರು. ಆ ವರ್ಷ ಲೀಗ್ ರೇಂಜರ್ಸ್‌ದೇ, ಮುಂದಿನ ವರ್ಷವೂ. 1991ರಲ್ಲಿ ಅವನು ಎವರ್ಟನ್‌ಗೆ ಹೋದ, ಕೊನೆಗೆ ಅಮೆರಿಕ ಸೇರಿದ.

ಮುಂದೆ ರೇಂಜರ್ಸ್‌ಗೆ ಇಟಲಿಯಿಂದ, ಬೇರೆ ದೇಶಗಳಿಂದ ಕ್ಯಾಥೊಲಿಕ್ ಆಟಗಾರರು ಸಾಲುಸಾಲಾಗಿ ಬಂದರು. 1990ರ ದಶಕ ಮುಗಿಯೋ ಹೊತ್ತಿಗೆ ಲೊರೆಂಜೊ ಅಮೊರುಸೊ ಕ್ಯಾಪ್ಟನ್ ಕೂಡ ಆದ. ಅವರಿಗೆ ಜಾನ್‌ಸ್ಟನ್‌ಗೆ ಆದಷ್ಟು ಕಷ್ಟ ಆಗಲಿಲ್ಲ. ಅವರದ್ದೂ ಅದೇ ಪೋಪ್, ಅದೇ ಶಿಲುಬೆ. ಹಾಗಾದ್ರೆ ಸಿಟ್ಟು ಧರ್ಮದ ಮೇಲಿತ್ತಾ? ಅಮೊರುಸೊ ಬಾರಿಯವನು, ಯಾವ ಸ್ಕೂಲಲ್ಲಿ ಓದಿದ್ದು ಅಂತ ಅವನನ್ನ ಕೇಳಿದ್ರೆ ಬರೋ ಉತ್ತರದಿಂದ ಗ್ಲಾಸ್ಗೋದವನಿಗೆ ಏನೂ ತಿಳೀತಿರಲಿಲ್ಲ. ಜಾನ್‌ಸ್ಟನ್ ಇದೇ ಊರಿನವನು, ಅವನ ಬೀದಿ ಯಾವುದು ಅಂತ ಎಲ್ಲರಿಗೂ ಗೊತ್ತಿತ್ತು.