ಜಿನಸೇನಾಚಾರ್ಯರ ಕರ್ತೃತ್ವ ವಿಮರ್ಶೆ

ಅಮೋಘವರ್ಷ ನೃಪತುಂಗನ ಕಾಲದಲ್ಲಿ (ಕ್ರಿ.ಶ. 814–878) ಬಾಳಿದ ಆಚಾರ್ಯ ಜಿನಸೇನರು ತಮ್ಮ ಗುರು ವೀರಸೇನರು ಅಪೂರ್ಣವಾಗಿ ಬಿಟ್ಟಿದ್ದ 'ಜಯಧವಲಾ' ಟೀಕೆಯನ್ನು ಕ್ರಿ.ಶ. 837ರಲ್ಲಿ ಮುಗಿಸಿದರು. ಅನಂತರ ಅವರು ಕೈಗೊಂಡ ಸಂಸ್ಕೃತ 'ಆದಿಪುರಾಣ'ವನ್ನು ಪಂಪನ ಕಾವ್ಯದ ಆಕರವೆಂದು ಓದುವುದೇ ರೂಢಿ. ಆದರೆ ಅದರ ನಾಲ್ಕನೆಯ ಪರ್ವದಲ್ಲಿ ಕಥೆಯನ್ನು ನಿಲ್ಲಿಸಿ ಕವಿ ತಾರ್ಕಿಕರಾಗುತ್ತಾರೆ. ಜಗತ್ತಿಗೆ ಕರ್ತೃವೊಬ್ಬನು ಉಂಟೇ ಎಂಬುದು ಅಲ್ಲಿಯ ವಿಚಾರ.

ಈಶ್ವರನು ಕರುಣೆಯಿಂದ ಲೋಕವನ್ನು ಸೃಷ್ಟಿಸಿದ್ದರೆ ಅದು ಸುಖಮಯವಾಗಿಯೇ ಇರಬೇಕಿತ್ತು, ದುಃಖವೇಕೆ? ಲೀಲೆಗಾಗಿ ಸೃಷ್ಟಿಸಿದ್ದರೆ ಅದು ಬಾಲಿಶ. ದುಷ್ಟರನ್ನು ಸಂಹರಿಸುವವನು ಅವರನ್ನು ಹುಟ್ಟಿಸಿದುದೇಕೆ? ಇದು ಅವರ ವಾದದ ಸಾರ.

ಇದಕ್ಕೆ ಈಶ್ವರವಾದಿಗಳಲ್ಲಿ ಸಿದ್ಧ ಸಮಾಧಾನವಿತ್ತು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯವು ಈಶ್ವರನಿಗೆ ಪಕ್ಷಪಾತವಾಗಲಿ ಕ್ರೌರ್ಯವಾಗಲಿ ಇಲ್ಲವೆನ್ನುತ್ತದೆ. ಅವನು ಜೀವಿಗಳ ಕರ್ಮವನ್ನು ಅನುಸರಿಸಿಯೇ ಫಲ ಕೊಡುತ್ತಾನೆಂಬುದು ಅದಕ್ಕೆ ಕಾರಣ. ಜಿನಸೇನರು ಈ ಸಮಾಧಾನವನ್ನೂ ಒಪ್ಪುವುದಿಲ್ಲ. ಕರ್ಮಕ್ಕೆ ಅಧೀನನಾಗಿ ದೇಹಗಳನ್ನು ರಚಿಸುವವನು ನೇಕಾರನಂತೆ ಪರತಂತ್ರ. ಅವನನ್ನು ಈಶ್ವರನೆನ್ನುವುದು ಹೇಗೆ? ಫಲ ಕೊಡಲು ಕರ್ಮವೇ ಸಾಕಾದರೆ ನಡುವೆ ಒಬ್ಬ ದಾತೃವೇಕೆ?

ಈ ವಾದದಿಂದ ದೇವತ್ವವೇ ನಿರಾಕೃತವಾಯಿತೆಂದು ತಿಳಿಯುವುದು ಸರಿಯಲ್ಲ. ಅದೇ ಪುರಾಣ ಜಿನನನ್ನು ದೇವನೆಂದು ಸ್ತುತಿಸುತ್ತದೆ. ಆ ದೇವನು ವೀತರಾಗ. ಸೃಷ್ಟಿಸುವವನೂ ಅಲ್ಲ, ದಂಡಿಸುವವನೂ ಅಲ್ಲ. ಕರ್ತೃತ್ವವನ್ನು ಬಿಟ್ಟುಕೊಟ್ಟುದರಿಂದಲೇ ಅವನ ನಿರ್ಮಲತೆ ಲೋಕದ ದುಃಖದಿಂದ ಕಳಂಕಗೊಳ್ಳುವುದಿಲ್ಲ. ಕೇಡಿನ ಇರವು ಅಲ್ಲಗಳೆಯುವುದು ಒಳ್ಳೆಯ ದೇವರನ್ನಲ್ಲ, ಲೋಕವನ್ನು ಮಾಡಿದ ಒಳ್ಳೆಯ ದೇವರನ್ನು.

ಆದರೆ ಈ ಪರಿಹಾರಕ್ಕೂ ಬೆಲೆಯಿದೆ. ದೇವರ ಮೇಲಿಂದ ಇಳಿದ ಹೊರೆ ಜೀವನ ಹೆಗಲಿಗೇ ಬರುತ್ತದೆ. ಜನ್ನನ 'ಯಶೋಧರ ಚರಿತೆ'ಯಲ್ಲಿ (1209) ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯೊಂದೇ ತಾಯಿಮಕ್ಕಳನ್ನು ಪ್ರಾಣಿಜನ್ಮಗಳಲ್ಲಿ ಅಲೆಸುತ್ತದೆ. ಅಲ್ಲಿ ಶಿಕ್ಷಿಸುವ ದೇವರಿಲ್ಲ, ಮೊರೆ ಕೇಳಿ ಕ್ಷಮಿಸುವವನೂ ಇಲ್ಲ. ಹಾಗಾದರೆ ನೊಂದವನನ್ನು ಕಂಡು 'ಅವನ ಕರ್ಮ' ಎಂದು ಸುಮ್ಮನಾಗಬಹುದೇ? ಆಗದು. ಹಾಗೆ ಸುಮ್ಮನಾಗುವ ನಿರ್ದಯೆಯೂ ಕರ್ಮಬಂಧವೇ. ಕೇಡಿಗೆ ದೇವರು ಹೊಣೆಯಲ್ಲದ ಲೋಕದಲ್ಲಿ ದಯೆಯ ಹೊಣೆಯನ್ನೂ ದೇವರಿಗೆ ಒಪ್ಪಿಸುವಂತಿಲ್ಲ. ಜೈನ ಕವಿಗಳು ಸೃಷ್ಟಿಕರ್ತನನ್ನು ಕೈಬಿಟ್ಟರೂ ಅಹಿಂಸೆಯನ್ನು ಅಷ್ಟು ಗಟ್ಟಿಯಾಗಿ ಹಿಡಿದುದರ ಮರ್ಮ ಇಲ್ಲಿದೆ.