ವಿಸ್ಕಿಗೆ ಬಂದ ಚಹಾ ಹಡಗಿನ ಹೆಸರು

ಚೀನಾದ ವೂಯಿ ಬೆಟ್ಟಗಳಲ್ಲಿ ಚಹಾ ಎಲೆಯನ್ನು ಪೈನ್ ಸೌದೆಯ ಹೊಗೆಯಲ್ಲಿ ಒಣಗಿಸುತ್ತಾರೆ. ಅದು ಲ್ಯಾಪ್‌ಸಾಂಗ್ ಸೂಚಾಂಗ್. ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ ಮೊಳಕೆ ಬರಿಸಿದ ಬಾರ್ಲಿಗೆ ಪೀಟ್ ಎಂಬ ಜೌಗುನೆಲದ ಇಂಧನದ ಹೊಗೆ ಹಿಡಿಸುತ್ತಾರೆ. ಅಲ್ಲಿನ ಸಿಂಗಲ್ ಮಾಲ್ಟ್ ವಿಸ್ಕಿ ಸವಿದವರಿಗೆ ಈ ಚಹಾ ನೆನಪಾದರೆ ಅಚ್ಚರಿಯಿಲ್ಲ.

ಎರಡರ ನಂಟು ಕಡಲಿನಲ್ಲೂ ಇದೆ.

1869ರ ನವೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ನೀರಿಗಿಳಿದ 'ಕಟಿ ಸಾರ್ಕ್' ಹಾಯಿಹಡಗನ್ನು ಕಟ್ಟಿಸಿದ್ದೇ ಚೀನಾದ ಚಹಾ ತರಲೆಂದು. ಹೆಸರು ಕವಿ ರಾಬರ್ಟ್ ಬರ್ನ್ಸ್‌ನ ಕಾವ್ಯದಿಂದ ಬಂದದ್ದು. ಮೊದಲ ಯಾನದಲ್ಲೇ ಶಾಂಘೈನಿಂದ ಸುಮಾರು 13 ಲಕ್ಷ ಪೌಂಡ್ ಚಹಾ ಹೊತ್ತು ಲಂಡನ್ ಮುಟ್ಟಿತು. 1872ರಲ್ಲಿ 'ಥರ್ಮೋಪಿಲೆ' ಎಂಬ ಇನ್ನೊಂದು ಹಡಗಿನ ಜೊತೆ ಪೈಪೋಟಿಗೆ ಬಿದ್ದಾಗ ಬಿರುಗಾಳಿಗೆ ಚುಕ್ಕಾಣಿಯೇ ಕಿತ್ತುಹೋಯಿತು. ದಡಕ್ಕೆ ಹೋಗದೆ ನಡುಗಡಲಲ್ಲೇ ಹೊಸ ಚುಕ್ಕಾಣಿ ಮಾಡಿ ಕೂರಿಸಿದರು. ಹಡಗು ಒಂದು ವಾರ ತಡವಾಗಿ ಬಂದರೂ, ಗೆದ್ದವರಿಗಿಂತ ಈ ಕೆಲಸಗಾರರೇ ಹೆಚ್ಚು ಮೆಚ್ಚುಗೆಗೆ ಅರ್ಹರು.

ಆದರೆ ಹಡಗು ನೀರಿಗಿಳಿದ ಅದೇ ತಿಂಗಳು ಸೂಯೆಜ್ ಕಾಲುವೆ ತೆರೆದಿತ್ತು. ಹತ್ತಿರದ ದಾರಿ ಉಗಿಹಡಗುಗಳ ಪಾಲಾಯಿತು. 1870ರ ದಶಕ ಮುಗಿಯುವ ಮೊದಲೇ ಕಟಿ ಸಾರ್ಕ್ ಚಹಾ ವ್ಯಾಪಾರ ಬಿಟ್ಟು, ಮುಂದೆ ಆಸ್ಟ್ರೇಲಿಯಾದ ಉಣ್ಣೆ ಸಾಗಿಸಿತು. ಆಮೇಲೆ ಪೋರ್ಚುಗೀಸರ ಕೈಸೇರಿತು.

1922ರಲ್ಲಿ ಕ್ಯಾಪ್ಟನ್ ಡೌಮನ್ ಅದನ್ನು ಕೊಂಡು ಬ್ರಿಟನ್ನಿಗೆ ಮರಳಿಸಿದ. ಮರುವರ್ಷ ಲಂಡನ್ನಿನ ಬೆರಿ ಬ್ರದರ್ಸ್ ವ್ಯಾಪಾರಿಗಳು ಹೊಸ ಸ್ಕಾಚ್‌ಗೆ ಹೆಸರು ಹುಡುಕುತ್ತಿದ್ದಾಗ ಸ್ಕಾಟಿಷ್ ಕಲಾವಿದ ಜೇಮ್ಸ್ ಮೆಕ್‌ಬೇ ಈ ಹಡಗನ್ನೇ ಸೂಚಿಸಿ, ಲೇಬಲ್ ಬರೆದುಕೊಟ್ಟ. ಅದು ಸಿಂಗಲ್ ಮಾಲ್ಟ್ ಅಲ್ಲ, ಮಾಲ್ಟ್ ಮತ್ತು ಧಾನ್ಯದ ವಿಸ್ಕಿಗಳನ್ನು ಬೆರೆಸಿದ ಸ್ಕಾಚ್.