506 ಹಳ್ಳಿಗಳ ಲೆಕ್ಕ

‘ಬಡವರ ಕೈಗೆ ಸುಮ್ಮನೆ ದುಡ್ಡು ಕೊಟ್ಟರೆ ಅದು ಸೀದಾ ವೈನ್ ಶಾಪಿಗೆ ಹೋಗುತ್ತೆ.’ 2023ರಲ್ಲಿ ನಮ್ಮ ರಾಜ್ಯದಲ್ಲಿ ಗ್ಯಾರಂಟಿ ಯೋಜನೆಗಳು ಶುರುವಾದಾಗ ಆಫೀಸಿನ ಕ್ಯಾಂಟೀನುಗಳಲ್ಲಿ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪುಗಳಲ್ಲಿ ಈ ಮಾತು ಎಷ್ಟು ಸಲ ಬಂತೋ ಲೆಕ್ಕ ಇಟ್ಟವರಿಲ್ಲ. ಹೇಳುವವರೇನೂ ಕೆಟ್ಟವರಲ್ಲ. ಟ್ಯಾಕ್ಸ್ ಮುರಿದುಕೊಂಡ ಪೇ ಸ್ಲಿಪ್ ನೋಡಿದ ದಿನ ಯಾರಿಗಾದರೂ ಹಾಗೆ ಅನ್ನಿಸಬಹುದು. ಆದರೆ ಇದು ಊಹೆಯಲ್ಲೇ ಉಳಿಯಬೇಕಾದ ಪ್ರಶ್ನೆ ಅಲ್ಲ. ಒಂದು ದೇಶ ಇಪ್ಪತ್ತೈದು ವರ್ಷಕ್ಕೂ ಹಿಂದೆಯೇ ಹಳ್ಳಿಗಳನ್ನು ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿ ನೋಡಿದೆ. ಆ ದೇಶ ಮೆಕ್ಸಿಕೊ.

1994ರ ಡಿಸೆಂಬರಿನಲ್ಲಿ ಅರ್ನೆಸ್ಟೊ ಸೆಡಿಯೊ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡ ಕೆಲವೇ ವಾರಗಳಲ್ಲಿ ಮೆಕ್ಸಿಕೊದ ಕರೆನ್ಸಿ ಪೆಸೊ ನೆಲಕಚ್ಚಿತು. ಮರುವರ್ಷ ದೇಶದ ಉತ್ಪನ್ನ ಸುಮಾರು 6% ಕುಸಿಯಿತು. ಖಜಾನೆಯಲ್ಲಿ ಕಾಸಿಲ್ಲ, ಹಳ್ಳಿಯಲ್ಲಿ ಹಸಿವು ಹೆಚ್ಚಾಗಿದೆ. ಬಡವರಿಗೆಂದು ಸರ್ಕಾರ ಆಗಲೇ ಖರ್ಚು ಮಾಡುತ್ತಿದ್ದದ್ದು ಮುಖ್ಯವಾಗಿ ಆಹಾರದ ಸಬ್ಸಿಡಿ ಮೇಲೆ. ನಮಗೆ ರೊಟ್ಟಿ, ಮುದ್ದೆ ಹೇಗೋ ಅವರಿಗೆ ಮೆಕ್ಕೆಜೋಳದ ಟೋರ್ಟಿಯಾ ಹಾಗೆ. ಅದರ ಬೆಲೆ ಏರದಂತೆ ಸರ್ಕಾರ ದುಡ್ಡು ಸುರಿಯುತ್ತಿತ್ತು. ಹಣಕಾಸು ಸಚಿವಾಲಯದಲ್ಲಿ ಹಿರಿಯ ಹುದ್ದೆಯಲ್ಲಿದ್ದ ಅರ್ಥಶಾಸ್ತ್ರಜ್ಞ ಸಾಂಟಿಯಾಗೊ ಲೆವಿ ಲೆಕ್ಕ ತೆಗೆದು ನೋಡಿದರೆ, ಈ ದುಡ್ಡಿನ ದೊಡ್ಡ ಪಾಲು ಹೋಗುತ್ತಿದ್ದದ್ದು ನಗರಗಳಿಗೆ. ಅಂಗಡಿಯಲ್ಲಿ ಟೋರ್ಟಿಯಾ ಕೊಳ್ಳುವವನು ಪಟ್ಟಣದವನು. ಕಡುಬಡವ ಇದ್ದದ್ದು ಹಳ್ಳಿಯಲ್ಲಿ. ಅವನ ಮನೆಯಲ್ಲಿ ಜೋಳ ಬೇಯಿಸಿ, ಅರೆದು, ಟೋರ್ಟಿಯಾ ತಟ್ಟುತ್ತಿದ್ದದ್ದು ಹೆಂಡತಿಯೇ. ಅಂದಮೇಲೆ ಅಂಗಡಿಯ ಸಬ್ಸಿಡಿ ಅವನಿಗೆ ಹೇಗೆ ಮುಟ್ಟಬೇಕು?

ಲೆವಿ ಮತ್ತು ಜನಸಂಖ್ಯಾಶಾಸ್ತ್ರಜ್ಞ ಹೋಸೆ ಗೋಮೆಸ್ ದೆ ಲಿಯೋನ್ ಸೇರಿ ಬೇರೊಂದು ದಾರಿ ಹುಡುಕಿದರು. 1995ರಲ್ಲಿ ಕಾಂಪೆಚೆ ರಾಜ್ಯದಲ್ಲಿ ಸಣ್ಣ ಮಟ್ಟದ ಪ್ರಯೋಗ ನಡೆಯಿತು. 1997ರ ಆಗಸ್ಟಿನಲ್ಲಿ ‘ಪ್ರೊಗ್ರೆಸಾ’ ಯೋಜನೆ ಶುರುವಾಯಿತು. ವಿಷಯ ಸರಳ. ಬಡ ಹಳ್ಳಿಗಳ ಬಡ ಮನೆಗಳನ್ನು ಗುರುತಿಸಿ, ಎರಡು ತಿಂಗಳಿಗೊಮ್ಮೆ ನಗದು ಕೊಡುವುದು. ಅದೂ ಮನೆಯ ಯಜಮಾನನಿಗಲ್ಲ, ತಾಯಿಯ ಕೈಗೆ. ಮಕ್ಕಳು ಶಾಲೆಗೆ 85% ಹಾಜರಿ ಹಾಕಬೇಕು, ಮನೆಮಂದಿ ಆಸ್ಪತ್ರೆಗೆ ಹೋಗಿ ತಪಾಸಣೆ ಮಾಡಿಸಿಕೊಳ್ಳಬೇಕು ಅನ್ನುವ ಷರತ್ತು ಇತ್ತು. ಏಳನೇ ಕ್ಲಾಸಿನಿಂದ ಮುಂದಕ್ಕೆ ಹುಡುಗನಿಗಿಂತ ಹುಡುಗಿಯ ಮೊತ್ತ ಜಾಸ್ತಿ. ಯಾಕೆ ಅಂತ ಹಳ್ಳಿಯಲ್ಲಿ ಬೆಳೆದವರಿಗೆ ವಿವರಿಸಬೇಕಿಲ್ಲ. ಪ್ರೈಮರಿ ಮುಗಿಸಿ ಮುಂದಿನ ಶಾಲೆ ಪಕ್ಕದ ಊರಲ್ಲಿದ್ದರೆ ಮೊದಲು ನಿಲ್ಲುವುದು ಅಕ್ಕನ ಓದು, ತಮ್ಮನದಲ್ಲ.

ನಮ್ಮಂಥ ಸಾಫ್ಟ್‌ವೇರ್ ಜನಕ್ಕೆ ಕುತೂಹಲ ಹುಟ್ಟಿಸುವುದು ಇದರ ಮುಂದಿನ ಭಾಗ. ಇಡೀ ದೇಶಕ್ಕೆ ಒಂದೇ ದಿನ ಕೊಡುವಷ್ಟು ದುಡ್ಡು ಹೇಗೂ ಇರಲಿಲ್ಲ. ಹೇಗಿದ್ದರೂ ಕೆಲವರು ಕಾಯಲೇಬೇಕು ಅಂದಮೇಲೆ, ಯಾರು ಕಾಯಬೇಕು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನ ಮಾಡೋಣ ಅಂದರು. ಏಳು ರಾಜ್ಯಗಳ 506 ಹಳ್ಳಿಗಳನ್ನು ಆರಿಸಿ, 320 ಹಳ್ಳಿಗಳಿಗೆ 1998ರಲ್ಲಿ ದುಡ್ಡು ಕೊಡಲು ಶುರು ಮಾಡಿದರು. ಉಳಿದ 186 ಹಳ್ಳಿಗಳು ಸುಮಾರು ಒಂದೂವರೆ ವರ್ಷ ಕಾದವು. ಎರಡೂ ಕಡೆ ಮನೆಮನೆ ಸಮೀಕ್ಷೆ ನಡೆಯುತ್ತಿತ್ತು. ನಾವು ಆ್ಯಪಿನ ಬಟನ್ ಬಣ್ಣ ಬದಲಿಸೋಕೆ ಮಾಡುವ ಎ/ಬಿ ಟೆಸ್ಟನ್ನು ಅವರು ಬಡತನದ ಮೇಲೆ ಮಾಡಿದರು. ಕಾದ ಹಳ್ಳಿಗಳಿಗೆ ಅನ್ಯಾಯವಾಯಿತಲ್ಲ ಅಂತ ಕೇಳಿದರೆ, ಆ ಪ್ರಶ್ನೆ ಸರಿಯೇ. ಆದರೆ ಅವುಗಳಿಂದಾಗಿಯೇ ನಂಬುವಂಥ ಉತ್ತರ ಸಿಕ್ಕಿತು.

ಉತ್ತರ ಏನು? ಯೋಜನೆಗೆ ಮೊದಲು ಆ ಹಳ್ಳಿಗಳಲ್ಲಿ ಪ್ರೈಮರಿ ದಾಟಿ ಮುಂದಕ್ಕೆ ಸೇರುತ್ತಿದ್ದವರು ನೂರಕ್ಕೆ 67 ಹುಡುಗಿಯರು, 73 ಹುಡುಗರು. ದುಡ್ಡು ಬಂದ ಹಳ್ಳಿಗಳಲ್ಲಿ ನೂರಕ್ಕೆ ಇನ್ನೂ 7ರಿಂದ 9 ಹುಡುಗಿಯರು ಸೇರಿಕೊಂಡರು. ಹುಡುಗರಲ್ಲಿ ಹೆಚ್ಚಳ ಕಡಿಮೆ, 3ರಿಂದ 6ರ ಒಳಗೆ. ದುಡ್ಡನ್ನು ಏನು ಮಾಡಿದರು ಅನ್ನುವುದೂ ಗೊತ್ತಾಯಿತು. ಬಂದ ಪ್ರತಿ ಪೆಸೊದಲ್ಲಿ ಸುಮಾರು ಮುಕ್ಕಾಲು ಭಾಗ ಊಟ-ತಿಂಡಿ, ಬಟ್ಟೆಬರೆಯಂಥ ದಿನದ ಖರ್ಚಿಗೆ ಹೋಯಿತು. ಉಳಿದ ಕಾಲು ಭಾಗದಲ್ಲಿ ಕೋಳಿ, ಹಂದಿ, ದನ ಕೊಂಡರು, ಹೊಲಕ್ಕೆ ಹಾಕಿದರು, ಸಣ್ಣಪುಟ್ಟ ವ್ಯಾಪಾರ ಹೂಡಿದರು. ಪಟ್ಟಿಯಲ್ಲಿ ಹೆಸರಿಲ್ಲದ ಪಕ್ಕದ ಮನೆಯವರ ಊಟದ ಖರ್ಚೂ 5%ನಷ್ಟು ಏರಿತ್ತು. ಒಬ್ಬರ ಮನೆಗೆ ದುಡ್ಡು ಬಂದರೆ ನೆಂಟರಿಷ್ಟರಿಗೆ ಕೈಸಾಲ ಸಲೀಸಾಗಿ ಸಿಗುತ್ತೆ. ಹಳ್ಳಿ ನಡೆಯುವುದೇ ಹಾಗೆ.

ಇನ್ನು ವೈನ್ ಶಾಪಿನ ವಿಚಾರ. ಇದು ಮೆಕ್ಸಿಕೊದ ಲೆಕ್ಕ ಮಾತ್ರ ಅಲ್ಲ. 2014ರಲ್ಲಿ ವಿಶ್ವಬ್ಯಾಂಕಿನ ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೊವಾ ಲ್ಯಾಟಿನ್ ಅಮೆರಿಕ, ಆಫ್ರಿಕಾ, ಏಷ್ಯಾಗಳ ಇಂಥ 19 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ನಗದು ಕೊಟ್ಟಿದ್ದರಿಂದ ಕುಡಿತ, ತಂಬಾಕಿನ ಖರ್ಚು ಒಟ್ಟಾರೆ ಏರಿದ್ದಕ್ಕೆ ಪುರಾವೆ ಸಿಗಲಿಲ್ಲ.

ಹಾಗಂತ ನಗದು ಅಂದರೆ ಎಲ್ಲ ರೋಗಕ್ಕೂ ಮದ್ದು ಅಂತ ಅಂದುಕೊಳ್ಳಬೇಡಿ. ಷರತ್ತು ಪೂರೈಸುವ ಹೊರೆ ಬಿದ್ದದ್ದು ತಾಯಂದಿರ ಮೇಲೆ. ಆರೋಗ್ಯದ ಭಾಷಣಕ್ಕೆ ಹಾಜರಾಗಬೇಕು, ಕ್ಲಿನಿಕ್ಕಿನಲ್ಲಿ ಕಾಯಬೇಕು, ದುಡ್ಡು ತರಲು ದೂರ ಹೋಗಬೇಕು. ಗಂಡಸರಿಗೆ ಇಂಥ ಕೆಲಸ ಹೆಚ್ಚೇನೂ ಇರಲಿಲ್ಲ. ಸ್ತ್ರೀವಾದಿ ವಿದ್ವಾಂಸರು ಇದನ್ನು ಸರಿಯಾಗಿಯೇ ಪ್ರಶ್ನಿಸಿದರು.

ಇನ್ನೊಂದು ತೊಡಕು ಅಂಗಡಿಯದು. ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ಇದ್ದದ್ದು ಒಂದೇ ಅಂಗಡಿ. ಬೇಳೆ, ಎಣ್ಣೆ, ಬೆಲ್ಲ, ಸೋಪು ಎಲ್ಲಾ ಅಲ್ಲೇ. ಸಾಲದ ಪುಸ್ತಕವೂ ಅಲ್ಲೇ. ಸಂತೆಗೆ ಹೋದರೆ ಕೆಜಿಗೆ ಎರಡು ರೂಪಾಯಿ ಕಡಿಮೆ ಅಂತ ಎಲ್ಲರಿಗೂ ಗೊತ್ತಿತ್ತು. ಬಸ್ ಚಾರ್ಜು, ಒಂದು ದಿನದ ಕೂಲಿ ಲೆಕ್ಕ ಹಾಕಿ ಸುಮ್ಮನಾಗುತ್ತಿದ್ದರು. ಇಂಥ ಊರಲ್ಲಿ ಎಲ್ಲರ ಕೈಗೂ ಒಂದೇ ವಾರ ದುಡ್ಡು ಬಂದು, ಸಾಮಾನು ಮಾತ್ರ ಮೊದಲಿದ್ದಷ್ಟೇ ಇದ್ದರೆ ಬೆಲೆಗೆ ಏನಾಗುತ್ತೆ?

ಮೆಕ್ಸಿಕೊ ಇದನ್ನೂ ಪರೀಕ್ಷಿಸಿತು. 2003ರ ಕೊನೆಯ ಹೊತ್ತಿಗೆ ಇನ್ನೊಂದು ಯೋಜನೆಯಲ್ಲಿ ದಕ್ಷಿಣದ ಸುಮಾರು 200 ಹಳ್ಳಿಗಳನ್ನು ವಿಂಗಡಿಸಿ, ಕೆಲವಕ್ಕೆ ತಿಂಗಳ ದಿನಸಿಯ ಪೆಟ್ಟಿಗೆ, ಕೆಲವಕ್ಕೆ 150 ಪೆಸೊ ನಗದು ಕೊಟ್ಟರು. ಕೆಲವಕ್ಕೆ ಏನೂ ಇಲ್ಲ. ಅರ್ಥಶಾಸ್ತ್ರಜ್ಞರಾದ ಜೆಸ್ಸಿ ಕುನ್ಹಾ, ಜಾಕೊಮೊ ದೆ ಜಾರ್ಜಿ, ಸೀಮಾ ಜಯಚಂದ್ರನ್ ಆ ಊರಿನ ಅಂಗಡಿಗಳ ಬೆಲೆ ಹೋಲಿಸಿದರು. ದಿನಸಿ ಬಂದ ಊರಲ್ಲಿ ಆ ಸಾಮಾನುಗಳ ಬೆಲೆ ನಗದು ಬಂದ ಊರಿಗಿಂತ ಸುಮಾರು 4% ಕಡಿಮೆ ಆಗಿತ್ತು. ರಸ್ತೆ ಸರಿಯಿಲ್ಲದ, ದೂರದ ಊರುಗಳಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಅಲ್ಲಿ ಕೊಳ್ಳುವ ಬಡವನಿಗೆ ಪೆಟ್ಟಿಗೆಯೇ ಲಾಭ. ಬೆಳೆದು ಮಾರುವವನಿಗೆ ಉಲ್ಟಾ.

ಇದೇ ಪ್ರಶ್ನೆ 2023ರಲ್ಲಿ ಕರ್ನಾಟಕದ ಬಾಗಿಲಿಗೂ ಬಂತು. ಅನ್ನಭಾಗ್ಯದಲ್ಲಿ ತಲಾ 5 ಕೆಜಿ ಹೆಚ್ಚುವರಿ ಅಕ್ಕಿ ಕೊಡುತ್ತೇವೆ ಅಂತ ಸರ್ಕಾರ ಹೇಳಿತ್ತು. ಎಫ್‌ಸಿಐನಿಂದ ಅಕ್ಕಿ ಸಿಗಲಿಲ್ಲ. ಜುಲೈನಿಂದ ಕೆಜಿಗೆ ₹34ರಂತೆ ಒಬ್ಬರಿಗೆ ₹170 ಖಾತೆಗೆ ಹಾಕಲು ಶುರು ಮಾಡಿದರು. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಗೇ ವಾಪಸ್ಸಾದರು. ₹34 ಅನ್ನುವುದು ಎಫ್‌ಸಿಐ ದರ, ಊರಿನ ಅಂಗಡಿಯ ದರ ಅಲ್ಲ. ಅಂಗಡಿಯಲ್ಲಿ ಅಕ್ಕಿ ಎಷ್ಟು ತುಟ್ಟಿಯೋ ಅಷ್ಟು ಕಡಿಮೆ ಅನ್ನ ತಟ್ಟೆಗೆ ಬೀಳುತ್ತೆ. ಅದೇ ಹೊತ್ತಿಗೆ, 2023ರ ಆಗಸ್ಟ್ 30ಕ್ಕೆ ಉದ್ಘಾಟನೆಯಾದ ಗೃಹಲಕ್ಷ್ಮಿಯ ₹2000ದ ಕತೆ ಬೇರೆ. ಅದು ಯಾವುದೇ ಒಂದು ವಸ್ತುವಿನ ಬದಲಿಗೆ ಬಂದದ್ದಲ್ಲ. ಮಗಳ ಬಸ್ ಪಾಸೋ, ಅತ್ತೆಯ ಮಾತ್ರೆಯೋ, ಸಂಘದ ಕಂತೋ, ಆ ತಿಂಗಳು ಯಾವುದು ತುರ್ತು ಅಂತ ಮನೆಯವಳೇ ತೀರ್ಮಾನ ಮಾಡಬಹುದು. ಎರಡನ್ನೂ ‘ಫ್ರೀ’ ಅನ್ನುವ ಒಂದೇ ಮೂಟೆಗೆ ತುಂಬಿ ಕಟ್ಟುವುದು ನಮ್ಮ ಸೋಮಾರಿತನ.

ಮೆಕ್ಸಿಕೊದಲ್ಲಿ 2000ದ ಚುನಾವಣೆಯಲ್ಲಿ 71 ವರ್ಷ ಆಳಿದ ಪಕ್ಷ ಸೋತಿತು. ಹೊಸ ಸರ್ಕಾರ ಪ್ರೊಗ್ರೆಸಾವನ್ನು ಮುಚ್ಚಲಿಲ್ಲ. 2002ರಲ್ಲಿ ಹೆಸರು ಬದಲಿಸಿ, ನಗರಗಳಿಗೂ ವಿಸ್ತರಿಸಿ ಮುಂದುವರಿಸಿತು. 506 ಹಳ್ಳಿಗಳ ಲೆಕ್ಕ ಮೇಜಿನ ಮೇಲೆ ಇದ್ದದ್ದು ಅದಕ್ಕೆ ಒಂದು ದೊಡ್ಡ ಕಾರಣ. ಕೊನೆಗೆ 2019ರಲ್ಲಿ ಇನ್ನೊಂದು ಸರ್ಕಾರ ಆ ಯೋಜನೆಯನ್ನು ನಿಲ್ಲಿಸಿ, ಅದರ ಜಾಗಕ್ಕೆ ಬೇರೆ ವಿದ್ಯಾರ್ಥಿವೇತನ ತಂದಿತು. ಲೆಕ್ಕ ಇದ್ದರೂ ರಾಜಕೀಯ ಗೆಲ್ಲಬಹುದು ಅನ್ನುವುದೂ ಈ ಇತಿಹಾಸದ ಪಾಠವೇ.

ಆದರೂ ನಮ್ಮ ಚರ್ಚೆ ಒಂದು ಹೆಜ್ಜೆ ಮುಂದೆ ಹೋಗಬಹುದಲ್ವಾ? ಬಡವರು ದುಡ್ಡನ್ನು ಹಾಳು ಮಾಡ್ತಾರಾ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿ ಬಹಳ ವರ್ಷ ಆಯಿತು. ಈಗ ಕೇಳಬೇಕಾದ್ದು ಬೇರೆ. ಆ ಊರಿನ ಅಂಗಡಿಯಲ್ಲಿ ₹170ಕ್ಕೆ ಎಷ್ಟು ಅಕ್ಕಿ ಬರುತ್ತೆ? ಹೈಸ್ಕೂಲು ಎಷ್ಟು ಕಿಲೋಮೀಟರ್? ಹಣ ತೆಗೆಯೋಕೆ ಎಷ್ಟು ದಿನದ ಕೂಲಿ ಹೋಗುತ್ತೆ? ಒಂದೊಂದು ತಾಲ್ಲೂಕಿಗೂ ಉತ್ತರ ಬೇರೆ ಬರುತ್ತೆ. ಉತ್ತರ ನೋಡಿಕೊಂಡು ಎಲ್ಲಿ ಅಕ್ಕಿ, ಎಲ್ಲಿ ದುಡ್ಡು ಅಂತ ನಿರ್ಧರಿಸುವುದು ರಾಕೆಟ್ ಉಡಾಯಿಸಿದಷ್ಟು ಕಷ್ಟದ ಕೆಲಸವೇನಲ್ಲ. ಯಾರಾದರೂ ಹೋಗಿ ಬೆಲೆ ಕೇಳಿಕೊಂಡು ಬರಬೇಕು, ಅಷ್ಟೇ.